ಹೋಟೆಲಿನ ಕರಿದ ಎಣ್ಣೆ ಇಂಡಿಕಾಕ್ಕೆ ಹಾಕಬಹುದಾ?

ಶೆಟ್ರೇ, ನಿಮ್ಮ ಪ್ರಶ್ನೆ ಓದಿದೆ. ಭಾವನ ಹೋಟೆಲಿನಲ್ಲಿ ವಾರಕ್ಕೆ 30 ಲೀಟರ್ ಕರಿದ ಎಣ್ಣೆ ಉಳಿಯುತ್ತದೆ, ಮನೆಯಲ್ಲಿ 2004ರ ಡೀಸೆಲ್ ಇಂಡಿಕಾ, 2017ರ ಡೀಸೆಲ್ ಸ್ವಿಫ್ಟ್, ತೋಟದಲ್ಲಿ ಒಂದು ಡೀಸೆಲ್ ಪಂಪು. ಎಣ್ಣೆಯನ್ನು ಬೈರಾಸಿನಲ್ಲಿ ಸೋಸಿ ಟ್ಯಾಂಕಿಗೆ ಹೊಯ್ದರೆ ಆಗುತ್ತದಾ, ಇಲ್ಲದಿದ್ದರೆ ಮನೆಯ ತೆಂಗಿನೆಣ್ಣೆ ಆದೀತಾ ಅಂತ ಕೇಳಿದ್ದೀರಿ. ಮೇಲೆ ಇಬ್ಬರು "ಧೈರ್ಯದಲ್ಲಿ ಹಾಕಿ, ಏನೂ ಆಗುವುದಿಲ್ಲ" ಅಂದಿದ್ದಾರೆ. ಅವರು ಎಷ್ಟು ಕಿಲೋಮೀಟರ್ ಓಡಿಸಿದ್ದಾರೆ ಅಂತ ಮೊದಲು ಕೇಳಿ. ಏನೂ ಆಗದೆ ಇರುವುದು ಮೊದಲ ಮೂರು ತಿಂಗಳು ಮಾತ್ರ.

ನಾನು ಹಾಗೆ ಮಾಡಿ ಪೆಟ್ಟು ತಿಂದವನು. ನನ್ನದು ಹಳೆಯ ಟಾಟಾ ಸುಮೋ. ಅರ್ಧ ಡೀಸೆಲ್, ಅರ್ಧ ಸೋಸಿದ ಪಾಮ್ ಎಣ್ಣೆ ಹಾಕಿ ಸೆಪ್ಟೆಂಬರಿನಲ್ಲಿ ಶುರು ಮಾಡಿದೆ. ಗಾಡಿ ಚಂದ ಓಡಿತು, ಹಿಂದೆ ಬರುವವರಿಗೆ ಗೋಳಿಬಜೆ ಪರಿಮಳ ಬೇರೆ. ಕಟಪಾಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೂ ಆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. ಮೆಕ್ಯಾನಿಕ್ ಇಂಧನ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿದರೆ ನೋಝಲಿನ ತುದಿಯಲ್ಲಿ ಕಲ್ಲಿನ ಹಾಗೆ ಕರಿ ಕಿಟ್ಟ. ಇಂಜಿನ್ ಆಯಿಲ್ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು. ಅವರು ನನ್ನ ಮುಖ ನೋಡಿ "ಇದರಲ್ಲಿ ಏನು ಕರಿದಿರಿ ಮಾರಾಯ್ರೇ" ಅಂತ ಕೇಳಿದರು. ಆ ಬಿಲ್ಲಿನಲ್ಲಿ ಒಂದು ವರ್ಷದ ಡೀಸೆಲ್ ಬರುತ್ತಿತ್ತು.

ಕಾರಣ ಸುಲಭ. 40 ಡಿಗ್ರಿಯಲ್ಲಿ ಅಳೆದರೂ ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ದಪ್ಪ. ಇಂಜೆಕ್ಟರ್ ಅದನ್ನು ಮಂಜಿನ ಹಾಗೆ ಒಡೆಯಲಾರದು, ದೊಡ್ಡ ಹನಿಯಾಗಿ ಬೀಳುತ್ತದೆ, ಪೂರ್ತಿ ಉರಿಯುವುದಿಲ್ಲ. ಉರಿಯದ್ದು ಪಿಸ್ಟನ್ ರಿಂಗಿನ ಸಂದಿಯಲ್ಲಿ ಇಳಿದು ಇಂಜಿನ್ ಆಯಿಲ್ ಸೇರಿ ಗಟ್ಟಿಯಾಗುತ್ತದೆ. 1900ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತಲ್ಲ ಅಂತ ಒಬ್ಬರು ಬರೆದಿದ್ದಾರೆ. ನಿಜ, ಓಡಿತ್ತು. ಆ ನಿಧಾನದ ಇಂಜಿನ್ ಎಲ್ಲಿ, ಈಗಿನ ಕಾರು ಎಲ್ಲಿ. ಹೊರದೇಶದಲ್ಲಿ ಎರಡು ಟ್ಯಾಂಕ್ ಇಟ್ಟು, ರೇಡಿಯೇಟರಿನ ಬಿಸಿನೀರಲ್ಲಿ ಎಣ್ಣೆಯನ್ನು 70-80 ಡಿಗ್ರಿಗೆ ಕಾಯಿಸಿ ಓಡಿಸುವವರಿದ್ದಾರೆ. ಡೀಸೆಲಿನಲ್ಲೇ ಸ್ಟಾರ್ಟ್ ಮಾಡಬೇಕು, ನಿಲ್ಲಿಸುವ ಮೊದಲು ಪುನಃ ಡೀಸೆಲಿಗೆ ಬರಬೇಕು. ದಿನಾ ನೂರು ಕಿಲೋಮೀಟರ್ ಓಡುವವರಿಗೆ ಸರಿ. ಮಣಿಪಾಲದಿಂದ ಮಲ್ಪೆಗೆ ಹೋಗುವಷ್ಟರಲ್ಲಿ ಎಣ್ಣೆ ಬಿಸಿಯಾಗುವುದೇ ಕೊನೆಗೆ.

ಸ್ವಿಫ್ಟ್ ವಿಷಯ ಒಂದೇ ಮಾತು: ಅದನ್ನು ಮುಟ್ಟಬೇಡಿ. ಕಾಮನ್ ರೈಲ್ ಇಂಜಿನ್, ಅಂದರೆ ಬಹಳ ಒತ್ತಡದಲ್ಲಿ ಇಂಧನ ಸಿಂಪಡಿಸುವ ನಾಜೂಕಿನದ್ದು, ಪಂಪು ಇಂಜೆಕ್ಟರ್ ಹಾಳಾದರೆ ಚಿನ್ನ ಅಡವಿಡಬೇಕು. ಇಂಡಿಕಾದ 1405 ಸಿಸಿ ಇಂಜಿನ್ ಹಳೆಯ ಕ್ರಮದ್ದು, ಇನ್‌ಡೈರೆಕ್ಟ್ ಇಂಜೆಕ್ಷನ್ (ಇಂಧನ ನೇರ ಸಿಲಿಂಡರಿಗಲ್ಲ, ಮೊದಲು ಒಂದು ಚಿಕ್ಕ ಕೋಣೆಗೆ ಬೀಳುವುದು), ಸ್ವಲ್ಪ ಸಹಿಸಿಕೊಳ್ಳುತ್ತದೆ. ಆದರೂ ಹಸಿ ಎಣ್ಣೆ ಬೇಡ, ರಾಸಾಯನಿಕ ಸೇರಿಸಿ ತೆಳು ಇಂಧನ, ಅಂದರೆ ಬಯೋಡೀಸೆಲ್, ಮಾಡಿಯೇ ಹಾಕಬೇಕು. ಮೊದಲು ಪಂಪಿಗೆ, ಅದು ಒಂದು ಸೀಸನ್ ತಡೆದರೆ ಇಂಡಿಕಾಕ್ಕೆ.

ತೆಂಗಿನೆಣ್ಣೆ ಬಗ್ಗೆ ನಗಬೇಕೋ ಅಳಬೇಕೋ. ಇಂಧನವಾಗಿ ಅದು ಒಳ್ಳೆಯದೇ, ಬೇರೆ ಎಣ್ಣೆಯಷ್ಟು ಬೇಗ ಅಂಟಾಗುವುದಿಲ್ಲ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪಕ್ಕೆ 1990ರ ದಶಕದಲ್ಲಿ ದಿಗ್ಬಂಧನ ಹಾಕಿ ಡೀಸೆಲ್ ನಿಲ್ಲಿಸಿದಾಗ ಅಲ್ಲಿಯವರು ತೆಂಗಿನೆಣ್ಣೆಯಲ್ಲೇ ಗಾಡಿ ಓಡಿಸಿದ್ದರು. ಫಿಲಿಪ್ಪೀನ್ಸಿನಲ್ಲಿ ಇಂದಿಗೂ ಡೀಸೆಲಿಗೆ ತೆಂಗಿನ ಬಯೋಡೀಸೆಲ್ ಬೆರೆಸುವುದು ಕಡ್ಡಾಯ. ಆದರೆ ನಮ್ಮಲ್ಲಿ 2025ರಲ್ಲಿ ಲೀಟರಿಗೆ 400 ರೂಪಾಯಿ ದಾಟಿದ ಎಣ್ಣೆಯನ್ನು 90ರ ಆಸುಪಾಸಿನ ಡೀಸೆಲಿನ ಬದಲು ಸುಡುವುದಾ? ಅದೂ 24-25 ಡಿಗ್ರಿಗೆ ಹೆಪ್ಪುಗಟ್ಟುವ ಎಣ್ಣೆ. ಮಕರ ಸಂಕ್ರಾಂತಿ ಹೊತ್ತಿಗೆ ಬಾಟ್ಲಿಯಿಂದ ಕಡ್ಡಿ ಹಾಕಿ ತೆಗೆಯುತ್ತೇವಲ್ಲ, ಟ್ಯಾಂಕಿಗೆ ಕಡ್ಡಿ ಹಾಕಲಿಕ್ಕೆ ಆಗುತ್ತದಾ? ಹೊಂಗೆ ಎಣ್ಣೆ ಸಿಕ್ಕಿದರೆ ಬೇರೆ ಮಾತು. ಬೆಂಗಳೂರಿನ ಐಐಎಸ್‌ಸಿಯ ಪ್ರೊಫೆಸರ್ ಉಡುಪಿ ಶ್ರೀನಿವಾಸರು ಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ತೋರಿಸಿದ್ದರು. ಆದರೆ ಬೀಜ ಹೆಕ್ಕಲಿಕ್ಕೆ ಜನ ಎಲ್ಲಿದ್ದಾರೆ, ಅಡಿಕೆ ಹೆಕ್ಕಲಿಕ್ಕೇ ಇಲ್ಲ.

ಈಗ ಬಯೋಡೀಸೆಲ್. ವಿಡಿಯೋದಲ್ಲಿ ಎಲ್ಲರೂ ಎಣ್ಣೆ, ಮೆಥನಾಲ್ (ಒಂದು ಬಗೆಯ ವಿಷದ ಆಲ್ಕೊಹಾಲ್), ಕಾಸ್ಟಿಕ್ ಸೋಡಾ ಅಂತ ಅಳತೆ ಹೇಳುತ್ತಾರೆ. ನಮ್ಮ ಊರಿನಲ್ಲಿ ಈ ಕೆಲಸ ಹಾಳು ಮಾಡುವುದು ನೀರು, ಅದನ್ನು ಯಾರೂ ಹೇಳುವುದಿಲ್ಲ. ಹೋಟೆಲಿನ ಎಣ್ಣೆಯಲ್ಲಿ ಮೀನಿನ ನೀರು, ಹಿಟ್ಟಿನ ನೀರು ಇರುತ್ತದೆ. ಮಳೆಗಾಲದಲ್ಲಿ ಗಾಳಿಯೇ ಅರ್ಧ ನೀರು. ಕಾಸ್ಟಿಕ್ ಸೋಡಾದ ಪ್ಯಾಕೆಟ್ ಆಟಿ ತಿಂಗಳಲ್ಲಿ ಬಿಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಬೆವರುತ್ತದೆ. ಹಾಗೆ ಬೆವರಿದ ಸೋಡಾ ಹಾಕಿ ನಾನು 20 ಲೀಟರ್ ಎಣ್ಣೆಯನ್ನು ಮಣ್ಣಿಯ ಹಾಗೆ ಗಟ್ಟಿ ಸಾಬೂನು ಮಾಡಿದ್ದೇನೆ. ಆಮೇಲಿಂದ ಜೂನ್‌ನಿಂದ ಅಕ್ಟೋಬರ್ ತನಕ ಎಣ್ಣೆ ಕೂಡಿಡುವುದು ಮಾತ್ರ, ಮಾಡುವುದು ದೀಪಾವಳಿ ಕಳೆದ ಮೇಲೆ.

ಎಣ್ಣೆಯನ್ನು ಸೋಸಿ, ಒಂದು ವಾರ ಕ್ಯಾನಿನಲ್ಲಿ ಬಿಡಿ, ಮೇಲಿನ ತಿಳಿ ಮಾತ್ರ ತೆಗೆಯಿರಿ. ಆ ತಿಳಿಯ ಅಡಿಯಿಂದ ಒಂದು ಚಮಚ ಎಣ್ಣೆಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ನೋಡಿ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಚಟ ಅಂದರೆ ನೀರಿದೆ. 110 ಡಿಗ್ರಿಯಷ್ಟು ಕಾಯಿಸಿ, ಸದ್ದು ನಿಂತ ಮೇಲೆ ತಣಿಯಲಿಕ್ಕೆ ಬಿಡಿ.

ಆಮೇಲೆ ಎಣ್ಣೆ ಎಷ್ಟು ಹುಳಿಯಾಗಿದೆ ಅಂತ ಅಳೆಯಬೇಕು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಇಟ್ಟುಕೊಳ್ಳಿ. 10 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲಿಗೆ 1 ಎಂಎಲ್ ಎಣ್ಣೆ ಹಾಕಿ, ಚಿಟಿಕೆ ಅರಿಶಿನ ಹಾಕಿ. ಬಣ್ಣ ಬದಲಿಸಿ ತೋರಿಸುವ ಫೀನಾಲ್ಫ್ತಲೀನ್ ತರಲಿಕ್ಕೆ ಓಡಬೇಕಾಗಿಲ್ಲ, ಕುರ್ದಿ ನೀರಿಗೆ ಅರಿಶಿನ ಸುಣ್ಣ ಕಲಸಿದರೆ ಕೆಂಪಾಗುತ್ತದಲ್ಲ, ಅದೇ ಸಂಗತಿ ಇಲ್ಲಿಯೂ. ಸಿರಿಂಜಿನಲ್ಲಿ ಸೋಡಾ ನೀರು ಹನಿ ಹನಿ ಬಿಡುತ್ತಾ ಅಲ್ಲಾಡಿಸಿ. ಹಳದಿ ಕೆಂಪಾಗಿ ಅರ್ಧ ನಿಮಿಷ ನಿಂತರೆ ನಿಲ್ಲಿಸಿ. ಎಷ್ಟು ಎಂಎಲ್ ಹಿಡಿಯಿತೋ, ಲೀಟರ್ ಎಣ್ಣೆಗೆ ಅಷ್ಟು ಗ್ರಾಂ ಸೋಡಾ ಜಾಸ್ತಿ ಬೇಕು. ಹೊಸ ಎಣ್ಣೆಗೆ ಲೀಟರಿಗೆ 3.5 ಗ್ರಾಂ. ನನ್ನ ಗೋಳಿಬಜೆ ಎಣ್ಣೆ 2 ತೋರಿಸಿತು, ಅಂದರೆ 5.5 ಗ್ರಾಂ. ಕಬಾಬ್ ಎಣ್ಣೆ 6 ದಾಟಿತು, ಅದನ್ನು ಬಿಟ್ಟುಬಿಟ್ಟೆ. ಅಷ್ಟು ಹುಳಿಯಾದರೆ ಸಾಬೂನೇ ಜಾಸ್ತಿ ಬರುತ್ತದೆ.

ಮೆಥನಾಲ್ ಲೀಟರ್ ಎಣ್ಣೆಗೆ 200 ಎಂಎಲ್. ಇಲ್ಲಿ ತಮಾಷೆ ಬೇಡ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದಿಂದಲೂ ಒಳಗೆ ಹೋಗುತ್ತದೆ. ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಕುಡಿಯುವ ನೀರಿನ ಬಾಟ್ಲಿಯಲ್ಲಿ ಯಾವತ್ತೂ ತುಂಬಿಸಬೇಡಿ, ಮನೆಯಲ್ಲಿ ಮಕ್ಕಳಿದ್ದರೆ ಈ ಉಸಾಬರಿಯೇ ಬೇಡ ಅಂತ ನಾನು ಹೇಳುವುದು. ಅದು ವಿಷದ ಪಟ್ಟಿಯಲ್ಲಿರುವ ವಸ್ತು, ಲೈಸೆನ್ಸ್ ಕೇಳುತ್ತಾರೆ, ಕದ್ದು ತರುವ ದಾರಿ ಹುಡುಕಬೇಡಿ. ಸೋಡಾವನ್ನು ಮೆಥನಾಲಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಮುಚ್ಚಳ ಇರುವ ದಪ್ಪ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಅಂಗಳದಲ್ಲಿ, ಗ್ಲೌಸ್ ಕನ್ನಡಕ ಹಾಕಿ ಕರಗಿಸಿ. ಬಿಸಿಯಾಗುತ್ತದೆ, ಹೆದರಬೇಡಿ, ಆವಿ ಮಾತ್ರ ಮೂಗಿಗೆ ಹೋಗಬಾರದು. ಅಲ್ಯೂಮಿನಿಯಂ ಪಾತ್ರೆ ಎಲ್ಲಿಯೂ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಎಣ್ಣೆಯನ್ನು 55 ಡಿಗ್ರಿಗೆ ಕಾಯಿಸಿ ಒಲೆ ಪೂರ್ತಿ ಆರಿಸಿ, ಪಾತ್ರೆಯನ್ನು ಒಲೆಯಿಂದ ದೂರ ತಂದ ಮೇಲೆಯೇ ಸೋಡಾ ಕರಗಿಸಿದ ಮೆಥನಾಲನ್ನು ಸೇರಿಸಬೇಕು. 65 ಡಿಗ್ರಿಗೆ ಮೆಥನಾಲ್ ಕುದಿಯುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಒಂದು ಗಂಟೆ ಕಲಕಿ, ರಾತ್ರಿ ಇಡೀ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ಬಯೋಡೀಸೆಲ್. ಆ ಗ್ಲಿಸರಿನ್‌ನಲ್ಲಿ ಮೆಥನಾಲ್ ಉಳಿದಿರುತ್ತದೆ, ಕೈ ತೊಳೆಯುವ ಸಾಬೂನು ಮಾಡಲಿಕ್ಕೆ ಹೊರಡಬೇಡಿ, ತೋಡಿಗೂ ಬಿಡಬೇಡಿ.

ಪರೀಕ್ಷೆ ಹೀಗೆ: 27 ಎಂಎಲ್ ಮೆಥನಾಲಿಗೆ 3 ಎಂಎಲ್ ಬಯೋಡೀಸೆಲ್ ಹಾಕಿ ಅಲ್ಲಾಡಿಸಿ. ಪೂರ್ತಿ ಕರಗಿದರೆ ಸರಿ. ಅಡಿಯಲ್ಲಿ ಎಣ್ಣೆಯ ಹನಿ ನಿಂತರೆ ಕೆಲಸ ಅರ್ಧವೇ ಆಗಿದೆ, ಪುನಃ ಮಾಡಬೇಕು. ಸರಿಯಾದದ್ದನ್ನು ನೀರು ಚಿಮುಕಿಸಿ ಮೂರು ನಾಲ್ಕು ಸಲ ತೊಳೆಯಿರಿ, ಮೊದಲ ಸಲ ಅಲ್ಲಾಡಿಸಿದರೆ ಮಜ್ಜಿಗೆ ಆಗುತ್ತದೆ. ಕೊನೆಗೆ ಅದನ್ನೂ ಒಣಗಿಸಬೇಕು. ಗಾಜಿನ ಬಾಟ್ಲಿಗೆ ತುಂಬಿಸಿ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲಿಕ್ಕೆ ಬರಬೇಕು. ಮಬ್ಬು ಇದ್ದರೆ ನೀರಿದೆ, ಗಾಡಿಗೆ ಹಾಕಬೇಡಿ.

ಇಂಡಿಕಾಕ್ಕೆ ಹಾಕುವಾಗ 20 ಶೇಕಡಾದಿಂದ ಶುರು ಮಾಡಿ. ಬಯೋಡೀಸೆಲ್ ಟ್ಯಾಂಕಿನ ಹಳೆಯ ಕೆಸರನ್ನೆಲ್ಲ ಬಿಡಿಸಿ ಫಿಲ್ಟರಿಗೆ ತರುತ್ತದೆ, ಡಿಕ್ಕಿಯಲ್ಲಿ ಒಂದು ಹೊಸ ಫಿಲ್ಟರ್ ಇರಲಿ. ನನ್ನ ಗಾಡಿ ಪಡುಬಿದ್ರಿಯಲ್ಲಿ ಹೆದ್ದಾರಿ ಮಧ್ಯೆ ನಿಂತದ್ದು ಇದೇ ಕಾರಣಕ್ಕೆ. ಹಳೆಯ ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾಗುತ್ತವೆ, ಮೊದಲೇ ಬದಲಿಸಿ. ಇಂಜಿನ್ ಆಯಿಲ್ ಅರ್ಧ ಅವಧಿಗೇ ಬದಲಿಸಿ. ಮೈಲೇಜ್ ಸ್ವಲ್ಪ ಕಡಿಮೆಯಾಗುತ್ತದೆ. ಪಾಮ್ ಎಣ್ಣೆಯಿಂದ ಮಾಡಿದ್ದು ಸುಮಾರು 15 ಡಿಗ್ರಿಗೆ ಮಬ್ಬಾಗಲು ಶುರು, ಉಡುಪಿಯಲ್ಲಿ ತೊಂದರೆ ಇಲ್ಲ, ಜನವರಿಯಲ್ಲಿ ಘಟ್ಟ ಹತ್ತಿ ಚಿಕ್ಕಮಗಳೂರಿನಲ್ಲಿ ರಾತ್ರಿ ನಿಲ್ಲುವುದಾದರೆ ಬರೀ ಡೀಸೆಲ್ ಹಾಕಿಕೊಂಡು ಹೋಗಿ.

ಲಾಭ ಎಷ್ಟು ಅಂತ ಕೇಳಬೇಡಿ. ಎಣ್ಣೆ ಪುಕ್ಕಟೆ ಸಿಕ್ಕಿದರೆ ಸ್ವಲ್ಪ ಉಳಿಯುತ್ತದೆ, ದುಡ್ಡು ಕೊಟ್ಟು ತಂದರೆ ಏನೂ ಇಲ್ಲ, ನಿಮ್ಮ ಸಂಬಳ ಲೆಕ್ಕ ಹಾಕಿದರೆ ನಷ್ಟ. ನನಗೆ ಇದು ಮರುಳು, ಅಷ್ಟೇ. ಮಾಡಿದ್ದನ್ನು ನೆರೆಯವರಿಗೆ ಮಾರುವ ಯೋಚನೆಯಂತೂ ಬೇಡ, ಅದಕ್ಕೆ ಅನುಮತಿ ಬೇಕು. ಇಷ್ಟೆಲ್ಲ ರಗಳೆ ಬೇಡ ಅಂತಾದರೆ, 2018ರಿಂದ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ ರುಕೋ ಅಂತ ಒಂದು ವ್ಯವಸ್ಥೆ ಇದೆ, ಕರಿದ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರಿಗಾಗಿ ಹೋಟೆಲಿನಿಂದ ಒಟ್ಟು ಮಾಡುತ್ತಾರೆ. ಭಾವ ಅವರಿಗೆ ಕೊಟ್ಟರೂ ಆಯಿತು. ಗಾಡಿಬದಿಯ ತಿಂಡಿಯವರಿಗೆ ಮಾರುವುದಕ್ಕಿಂತ ಎಷ್ಟೋ ವಾಸಿ.

ಮಾಡಿಯೇ ನೋಡಬೇಕು ಅಂತಿದ್ದರೆ ಒಂದು ಆದಿತ್ಯವಾರ ಕಟಪಾಡಿಗೆ ಬನ್ನಿ. ಬಜೆ ಕರಿದ ಎಣ್ಣೆ ಬೇರೆ, ಮೀನು ಕೋಳಿ ಕರಿದದ್ದು ಬೇರೆ, ಅರ್ಧರ್ಧ ಲೀಟರ್ ತನ್ನಿ. ಸಿರಿಂಜು, ಅರಿಶಿನ ನನ್ನಲ್ಲಿದೆ. ಬಾಟ್ಲಿ ತೊಳೆದು ತರುವುದಾದರೆ ಬಿಸಿಲಲ್ಲಿ ಸರಿಯಾಗಿ ಒಣಗಿಸಿ ತನ್ನಿ.