ಗೋಡೆಯೊಳಗಿನ ಹಳೇ ಬೂದು ಪೈಪ್ ಸೋರುತ್ತಿದೆ, ಯಾವ ಗಮ್ ಹಾಕಿದರೆ ನಿಲ್ಲುತ್ತದೆ?

ಯಾವ ಗಮ್ಮಿಗೂ ನಿಲ್ಲುವುದಿಲ್ಲ. ತೊಂಬತ್ತರ ದಶಕದ ಮನೆ, ಎರಡು ಸಲ ಹೊಸ ಕಪ್ಲರ್ (ಎರಡು ಪೈಪು ಸೇರಿಸುವ ತುಂಡು) ಹಾಕಿಸಿದರೂ ಅದೇ ಜಾಗ ಒದ್ದೆ ಅಂತ ಬರೆದಿದ್ದೀರಿ. ನಮ್ಮ ಮನೆಯದೂ ಥೇಟ್ ಇದೇ ಕಥೆ. ಬಾತ್‌ರೂಮ್ ಗೋಡೆ ಒಡೆಸಿ, ಸೋರುವ ಜಾಯಿಂಟನ್ನು ಕತ್ತರಿಸಿ ತೆಗೆದು ಉದ್ದಕ್ಕೆ ಸೀಳಿ ನೋಡಿದರೆ, ಬಿಳಿ ಕಪ್ಲರ್ ಬೂದು ಪೈಪಿಗೆ ಒಂದೇ ಪಕ್ಕ ಕಚ್ಚಿಕೊಂಡಿತ್ತು. ಎದುರು ಪಕ್ಕದ ಸಂದಿನಲ್ಲಿ ಒಣಗಿ ಹಳದಿಯಾದ ಗಮ್, ಅದರ ತುಂಬ ಗುಳ್ಳೆ. ಗುಳ್ಳೆಯಿಂದ ಗುಳ್ಳೆಗೆ ನೀರು ದಾರಿ ಮಾಡಿಕೊಂಡಿತ್ತು.

"25 ಅಂದ್ರೆ ಮುಕ್ಕಾಲು ಇಂಚೇ ಸಾರ್" ಅಂದಿದ್ದರು ಪ್ಲಂಬರ್. ಅಲ್ಲ! ಹಳೇ ಬೂದು ಪಿವಿಸಿ ಪೈಪು ಐಎಸ್ 4985 ಎಂಬ ಭಾರತೀಯ ಮಾನದಂಡದ್ದು, 20, 25, 32 ಮಿ.ಮೀ. ಅನ್ನುವುದು ಅದರ ಹೊರ ಅಳತೆ (ವ್ಯಾಸ). ಈಗ ಅಂಗಡಿಯಲ್ಲಿ ಮುಕ್ಕಾಲು ಇಂಚು ಅಂತ ಕೊಡುವ ಬಿಳಿ ಯುಪಿವಿಸಿ (ಗಟ್ಟಿ ಪಿವಿಸಿ) ಪೈಪು ಎಎಸ್‌ಟಿಎಂ ಅನ್ನುವ ಅಮೆರಿಕದ ಮಾನದಂಡದ ಅಳತೆಯದು, ಅದರ ಹೊರ ಅಳತೆ 26.7 ಮಿ.ಮೀ. 25ರ ಪೈಪು ಅದರ ಫಿಟ್ಟಿಂಗಿನೊಳಗೆ ಸಲೀಸಾಗಿ ಹೋಗುತ್ತದೆ, ಸರಿಯಾಗಿದೆ ಅಂತಲೇ ಅನ್ನಿಸುತ್ತದೆ, ಆದರೆ ಸುತ್ತಲೂ ಸುಮಾರು 0.8 ಮಿ.ಮೀ. ಸಂದು ಉಳಿಯುತ್ತದೆ. ಈ ಗಮ್, ಅಂದರೆ ಸಾಲ್ವೆಂಟ್, ಸಂದು ತುಂಬುವ ಸಾಮಾನಲ್ಲ. ಅದು ಎರಡೂ ಮೈಯನ್ನು ಕರಗಿಸುತ್ತದೆ, ಬಿಗಿಯಾಗಿ ಒತ್ತಿಕೊಂಡಿದ್ದರೆ ಮಾತ್ರ ಅವು ಒಂದಾಗುತ್ತವೆ. ಸಂದಿಗೆ ಸುರಿದರೆ ಹೊರಗೆ ಪೊರೆ ಕಟ್ಟಿ, ಒಳಗಿನದು ನಿಧಾನ ಒಣಗುತ್ತಾ ಕುಗ್ಗುತ್ತದೆ. ಓವರ್‌ಹೆಡ್ ಟ್ಯಾಂಕಿನ ನೀರಿಗೆ, ಅಂದರೆ 3 ಮೀಟರ್ ಎತ್ತರಕ್ಕೆ ಚದರ ಸೆಂ.ಮೀ.ಗೆ 0.3 ಕೆಜಿ ಒತ್ತಡಕ್ಕೆ, ಅಂಥ ಜಾಯಿಂಟ್ ಕೆಲವು ಕಾಲ ತಡೆಯುತ್ತದೆ. ಪ್ರೆಷರ್ ಪಂಪ್ ಕೂರಿಸಿದ ಮೇಲೆ ಕೈಕೊಡುತ್ತದೆ. ದೊಡ್ಡ ಪೈಪಿನಲ್ಲಿ ತಿರುವುಮುರುವು: 50ರ ಪೈಪು ಒಂದೂವರೆ ಇಂಚಿನ (48.3) ಫಿಟ್ಟಿಂಗಿಗೆ, 63ರದು ಎರಡು ಇಂಚಿನ (60.3) ಫಿಟ್ಟಿಂಗಿಗೆ ಹೋಗುವುದೇ ಇಲ್ಲ. ಆಗ ಫಿಟ್ಟಿಂಗನ್ನು ಬೆಂಕಿಗೆ ಹಿಡಿದು ಹಿಗ್ಗಿಸಿ ತುರುಕುವವರಿದ್ದಾರೆ. ಅವರನ್ನು ಅಲ್ಲೇ ನಿಲ್ಲಿಸಿ.

ನೀವೇ ಅಳೆಯಬಹುದು. ಪೈಪಿಗೆ ಕಾಗದದ ಪಟ್ಟಿ ಸುತ್ತಿ, ಸೇರಿದ ಕಡೆ ಗುರುತು ಹಾಕಿ ಸ್ಕೇಲಿನಲ್ಲಿ ನೋಡಿ: 78.5 ಮಿ.ಮೀ. ಬಂದರೆ 25ರ ಪೈಪು, 84 ಬಂದರೆ ಎಎಸ್‌ಟಿಎಂ ಮುಕ್ಕಾಲು ಇಂಚು, 70ರ ಹತ್ತಿರ ಬಂದರೆ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪಿವಿಸಿ). ಬಣ್ಣ ನಂಬಬೇಡಿ. ಕಪ್ಪು ಪೈಪಾಗಿದ್ದು ಉಗುರಿಗೆ ಮೇಣದಂತೆ ಸಿಕ್ಕಿದರೆ ಒಂದು ಚೂರು ನೀರಿಗೆ ಹಾಕಿ. ತೇಲಿದರೆ ಎಚ್‌ಡಿಪಿಇ ಅನ್ನುವ ಬೇರೆ ಪ್ಲಾಸ್ಟಿಕ್, ಅದಕ್ಕೆ ಯಾವ ಗಮ್ಮೂ ಅಂಟುವುದಿಲ್ಲ, ನಟ್ ಬಿಗಿದು ಹಿಡಿಸುವ ಕಂಪ್ರೆಷನ್ ಫಿಟ್ಟಿಂಗೇ ಬೇಕು. ಪಿವಿಸಿ, ಸಿಪಿವಿಸಿ ಎರಡೂ ಮುಳುಗುತ್ತವೆ. ಸುಟ್ಟು ಪರೀಕ್ಷೆ ಮಾಡಲು ಹೋಗಬೇಡಿ, ಪಿವಿಸಿ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ.

ಸದ್ಯಕ್ಕೆ ಸೋರಿಕೆ ನಿಲ್ಲಲೇಬೇಕು ಅಂದರೆ, ಮಿ.ಮೀ. ಅಳತೆಯ ಬೂದು ಫಿಟ್ಟಿಂಗು ತನ್ನಿ. ಕೃಷಿ ಪೈಪು ಮಾರುವ ಅಂಗಡಿಯಲ್ಲಿ ಕೇಳಿ. ಹಳೇ ಪೈಪು ಪೆಡಸಾಗಿರುತ್ತದೆ, ಕಟರ್ ಒತ್ತಿದರೆ ಉದ್ದಕ್ಕೆ ಬಿರುಕು ಓಡುತ್ತದೆ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ ನಿಧಾನ ಕತ್ತರಿಸಿ. ಬಿರುಕು ಕಂಡರೆ ಅದು ಮುಗಿಯುವ ತನಕ ಹಿಂದಕ್ಕೆ ಹೋಗಿ ಮತ್ತೆ ಕತ್ತರಿಸಿ. ಅಂಚು ಸವರಿ, ಮಂಕಾದ ಮೈಯನ್ನು ಸ್ಯಾಂಡ್‌ಪೇಪರಿನಲ್ಲಿ ಹೊಸ ಬಣ್ಣ ಕಾಣುವಷ್ಟು ಉಜ್ಜಿ, ನೀರಿನ ಪಸೆ ಪೂರ್ತಿ ಒರೆಸಿ. ಗಮ್ ಇಲ್ಲದೆ ತೂರಿಸಿದಾಗ ಪೈಪು ಫಿಟ್ಟಿಂಗಿನ ಆಳದ ಮೂರನೇ ಒಂದರಿಂದ ಮೂರನೇ ಎರಡು ಭಾಗದೊಳಗೆ ಎಲ್ಲಾದರೂ ಬಿಗಿಯಾಗಬೇಕು. ಎರಡೂ ಕಡೆ ತೆಳುವಾಗಿ ಗಮ್ ಬಳಿದು, ಕಾಲು ಸುತ್ತು ತಿರುಗಿಸುತ್ತಾ ಒತ್ತಿ, 30 ಸೆಕೆಂಡ್ ಬಿಡದೆ ಹಿಡಿಯಿರಿ. ಒಂದು ದಿನ ನೀರು ಬಿಡಬೇಡಿ.

ಹೊಸ ಪೈಪಿಗೆ ಸೇರಿಸುವುದಾದರೆ ಥ್ರೆಡ್ ಮೂಲಕವೇ ಸೇರಿಸಿ. ಹಳೇ ಕಡೆ 25 ಮಿ.ಮೀ.ನ ಎಂಟಿಎ (ಹೊರಗೆ ಥ್ರೆಡ್ ಇರುವ ಫಿಟ್ಟಿಂಗು), ಹೊಸ ಕಡೆ ಹಿತ್ತಾಳೆಯ ಮುಕ್ಕಾಲು ಇಂಚಿನ ಎಫ್‌ಟಿಎ (ಒಳಗೆ ಥ್ರೆಡ್ ಇರುವುದು). ಟೆಫ್ಲಾನ್ ಟೇಪ್ ಐದಾರು ಸುತ್ತು. ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಒಂದು ಸುತ್ತು ಸಾಕು, ಜೋರು ತೋರಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ಎರಡೂ ತುದಿ ಗೋಡೆಯಲ್ಲೇ ಇದ್ದು ತಿರುಗಿಸಲು ಆಗದಿದ್ದರೆ ಯೂನಿಯನ್ (ಪೈಪು ತಿರುಗಿಸದೆ ನಟ್ ಬಿಗಿದು ಸೇರಿಸುವ ಜೋಡಿ ತುಂಡು) ಹಾಕಿಸಿ.

ನನ್ನನ್ನು ಕೇಳಿದರೆ ಇದಾವುದೂ ಬೇಡ. ಒಂದು ಜಾಯಿಂಟ್ ಹೋಯಿತೆಂದರೆ ಅದೇ ವಯಸ್ಸಿನ ಉಳಿದವೂ ಸಾಲಿನಲ್ಲಿವೆ, ಪ್ರತಿ ಸಲ ಟೈಲ್ಸ್ ಒಡೆಸುತ್ತಾ ಕೂರಬೇಕಾಗುತ್ತದೆ. ಹಳೇ ಪಿವಿಸಿಯಲ್ಲಿ ಸೀಸದ ಸ್ಟೆಬಿಲೈಸರ್ (ಪ್ಲಾಸ್ಟಿಕ್ ಶಾಖಕ್ಕೆ ಕೆಡದಂತೆ ಬೆರೆಸುವ ವಸ್ತು) ಬಳಕೆ ಸಾಮಾನ್ಯವಾಗಿತ್ತು, ಅದಕ್ಕೆ ಕಡಿವಾಣ ಹಾಕುವ ಕೇಂದ್ರದ ನಿಯಮ ಬಂದದ್ದೇ 2021ರಲ್ಲಿ. ಅಡುಗೆಮನೆಯ ಕುಡಿಯುವ ನೀರಿನ ಲೈನನ್ನಾದರೂ ಮೊದಲು ಬದಲಾಯಿಸಿ. ಹೊರಗೋಡೆಯ ಮೇಲೆ ಹೊಸ ಲೈನ್ ಎಳೆಸಿ, ಬಿಸಿಲು ಬೀಳುವ ಕಡೆ ಪೇಂಟ್ ಹೊಡೆಸಿ. ಗೀಸರ್, ಸೋಲಾರ್ ಕಡೆಗೆ ಸಿಪಿವಿಸಿ ಮಾತ್ರ, ಪಿವಿಸಿ 45 ಡಿಗ್ರಿ ದಾಟಿದರೆ ತಡೆಯುವುದಿಲ್ಲ. ಹಳೇ ಪೈಪಿನ ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಿ ಗೋಡೆಯಲ್ಲೇ ಬಿಟ್ಟುಬಿಡಿ.