ಟ್ರಂಕಿನಲ್ಲಿರುವ ತೆರಿಗೆ ಕಾಗದ

ಪ್ರಶ್ನೆ: ಯಜಮಾನರಿಗೆ ಸಂಬಳವಿದೆ, ಜೊತೆಗೆ ಎರಡು ಎಕರೆ ಕಾಫಿ ತೋಟ. ಕಾಗದಗಳೆಲ್ಲ ಒಂದೇ ಟ್ರಂಕಿನಲ್ಲಿವೆ. ರಿಟರ್ನ್‌ಗೆ ಹೇಗೆ ಜೋಡಿಸಲಿ?
– ಓದುಗರು, ಮೂಡಿಗೆರೆ

ಉತ್ತರ: ಮೊದಲು ತೋಟದ್ದನ್ನು ಬೇರೆ ಫೈಲಿಗೆ ಹಾಕಿ: ಪಹಣಿ, ಕಾಫಿ ಮಾರಿದ ಬಿಲ್, ಗೊಬ್ಬರದ ರಸೀದಿ, ಕೂಲಿ ಲೆಕ್ಕ. ಹಣ್ಣನ್ನು ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ನೀವೇ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿ ಮಾರಿದರೆ ಆದಾಯದ ಶೇ. 25 ಭಾಗ ತೆರಿಗೆಗೆ ಸೇರುತ್ತದೆ. ಹಾಗಾಗಿ ಯಾವ ರೂಪದಲ್ಲಿ ಮಾರಿದ್ದೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಕೃಷಿ ಆದಾಯ 5,000 ರೂ. ದಾಟಿದರೆ ಸಂಬಳದವರ ಸರಳ ರಿಟರ್ನ್ ಫಾರಂ ಐಟಿಆರ್-1 ನಡೆಯದು; ಸಂಬಳದವರು ಎಡವುವುದೇ ಇಲ್ಲಿ.

ಎರಡನೇ ಫೈಲಿಗೆ ಫಾರಂ 16 (ಸಂಬಳದಲ್ಲಿ ಹಿಡಿದ ತೆರಿಗೆಗೆ ಕಚೇರಿಯವರು ಕೊಡುವ ಪತ್ರ), ಠೇವಣಿ ಬಡ್ಡಿಯ ಪತ್ರ. ಬಡ್ಡಿಗೆ ಹಿಡಿದ ತೆರಿಗೆಯನ್ನು 26ಎಎಸ್ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಇಲಾಖಾ ಪಟ್ಟಿ) ಜೊತೆ ತಾಳೆ ನೋಡಿ. ಮಳೆಗಾಲಕ್ಕೆ ಟ್ರಂಕಿನ ಕಾಗದ ಬೂಷ್ಟು ಹಿಡಿಯುತ್ತದೆ, ಮೆಷಿನ್ ಬಿಲ್ಲಿನ ಅಕ್ಷರವಂತೂ ತಾನಾಗಿಯೇ ಮಾಸುತ್ತದೆ. ಬಂದ ವಾರವೇ ಜೆರಾಕ್ಸ್ ಮಾಡಿಸಿಡಿ.