ಟೇಪ್ ಕಪ್ಪಾಗಿದೆ, ಸಹಿ ಹಾಕು ಅಂತಾರೆ ಸರ್

ಪ್ರಶ್ನೆ: ಮನೆ ಶಿರಸಿ ಹತ್ತಿರ. ಕೆಲಸ ಬೇರೆ ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ, ಸಂಶೋಧನಾ ಲ್ಯಾಬ್‌ಗಳ ಜೈವಿಕ ಸುರಕ್ಷತೆ ನೋಡಿಕೊಳ್ಳುವುದು. ಗುತ್ತಿಗೆ ಹುದ್ದೆ. ಒಂದು ಲ್ಯಾಬಿನ ಆಟೋಕ್ಲೇವ್, ಅಂದರೆ ಕಸದ ಚೀಲಗಳನ್ನು ಬಿಸಿ ಹಬೆಯಲ್ಲಿಟ್ಟು ರೋಗಾಣು ಕೊಲ್ಲುವ ಯಂತ್ರ, ಸ್ಪೋರ್ ಟೆಸ್ಟಿನಲ್ಲಿ ಫೇಲಾಗಿದೆ. ಅಲ್ಲಿನ ಮುಖ್ಯಸ್ಥರು ನನಗೆ ಪಾಠ ಹೇಳಿದವರು, ಪಕ್ಕದೂರಿನವರು, ಈ ಕೆಲಸ ಕೊಡಿಸಿದವರು. "ಟೇಪ್ ಕಪ್ಪಾಗಿದೆಯಲ್ಲಮ್ಮ, ಸಹಿ ಹಾಕು" ಅಂತಾರೆ. ಟೇಪ್ ಅಂದರೆ ಚೀಲಕ್ಕೆ ಅಂಟಿಸುವ, ಬಿಸಿ ತಾಗಿದರೆ ಕಪ್ಪಾಗುವ ಪಟ್ಟಿ. ಸಹಿ ಬೇಕಿರುವುದು ಕಸ ಸಂಸ್ಕರಣೆ ಸರಿಯಾಗಿದೆ ಅನ್ನುವುದಕ್ಕೆ. ಅಪ್ಪನಿಗೂ ಫೋನ್ ಮಾಡಿದ್ದಾರೆ. ಗುರುಗಳ ಮಾತು ಮೀರಬೇಡ ಅಂತ ಅಪ್ಪ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ಅದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಸರ್ ಹತ್ತಿರ ಹೇಗೆ ಮಾತಾಡುವುದು ಅನ್ನುವುದಕ್ಕೆ ಮಾತ್ರ ಸ್ವಲ್ಪ ಯೋಚನೆ ಬೇಕು.

ಮೊದಲು ಆ ಯಂತ್ರದಲ್ಲಿಟ್ಟ ಕಸದ ಚೀಲಗಳು ಎಲ್ಲಿವೆ ನೋಡಿ. ಇನ್ನೂ ಹೊರಗೆ ಹೋಗಿಲ್ಲದಿದ್ದರೆ ತಡೆಯಿರಿ. ಲ್ಯಾಬಿನ ಕಸವನ್ನು ಅಲ್ಲೇ ಸಂಸ್ಕರಿಸಿ ಕೊಡಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲೇ ಇದೆ. ಅದನ್ನು ಎತ್ತುವವರು ನಿಮ್ಮ ಸಹಿ ನಂಬಿ ಎತ್ತುತ್ತಾರೆ.

ಟೇಪಿನ ವಿಷಯ ಸರ್‌ಗೂ ಗೊತ್ತಿಲ್ಲದ್ದಲ್ಲ. ಚೀಲದ ಹೊರಗೆ ಬಿಸಿ ತಾಗಿದೆ ಅಂತಷ್ಟೇ ಅದು ಹೇಳುತ್ತದೆ. ಒಳಗೂ ಎಲ್ಲ ಸತ್ತಿದೆಯೇ ಅಂತ ತಿಳಿಯುವುದು ಒಳಗಿಟ್ಟ ಜಿಯೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಸ್ಪೋರ್ ಸತ್ತಿದೆಯೇ ಅನ್ನುವುದರಿಂದ. ಬಿಸಿಗೆ ಸುಲಭಕ್ಕೆ ಜಗ್ಗದ ಜೀವ ಅದು. ಎಷ್ಟೋ ಸಲ ಯಂತ್ರ ಸರಿಯಿರುತ್ತದೆ, ಚೀಲವನ್ನು ಬಾಯಿತನಕ ತುಂಬಿ ಬಿಗಿಯಾಗಿ ಕಟ್ಟಿರುತ್ತಾರೆ. ಹಬೆ ಒಳಗೆ ಹೋಗುವುದೇ ಇಲ್ಲ. ಮೀಡಿಯಾಗೆ (ಸೂಕ್ಷ್ಮಾಣು ಬೆಳೆಸುವ ಆಹಾರಕ್ಕೆ) ಇಡುವ 15 ನಿಮಿಷವನ್ನೇ ಕಸಕ್ಕೂ ಇಡುವ ಅಭ್ಯಾಸ ಬೇರೆ. ವ್ಯಾಕ್ಯೂಮ್ ಇಲ್ಲದ ಸಾಮಾನ್ಯ ಯಂತ್ರಕ್ಕೆ ನಿಯಮದಲ್ಲಿರುವುದು 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡದಲ್ಲಾದರೆ ಕಡಿಮೆಯೆಂದರೆ 60 ನಿಮಿಷ. ಚೀಲ ಸಡಿಲ ಬಿಟ್ಟು, ಸ್ಪೋರ್ ಸ್ಟ್ರಿಪ್ ನಟ್ಟನಡುವೆ ಇಟ್ಟು ಇನ್ನೊಮ್ಮೆ ಮಾಡಿ. ಪಾಸಾದರೆ ತಪ್ಪು ತುಂಬುವುದರಲ್ಲಿತ್ತು, ಕೆಲಸದವರಿಗೆ ಹೇಳಿಕೊಟ್ಟರೆ ಮುಗಿಯಿತು. ಆಗಲೂ ಫೇಲಾದರೆ ಯಂತ್ರ ನಿಲ್ಲಿಸಿ, ರಿಪೇರಿಯವರನ್ನು ಕರೆಸಿ. ಅಲ್ಲಿಯತನಕ ಪಕ್ಕದ ವಿಭಾಗದ್ದು ಬಳಸಲಿ.

ಇಷ್ಟು ಕೈಯಲ್ಲಿಟ್ಟುಕೊಂಡು ಸರ್ ಕೋಣೆಗೆ ಹೋಗಿ. "ಸರ್, ಫೇಲಾದದ್ದನ್ನು ನಾನು ಬರೆಯಲೇಬೇಕು. ಸರಿಮಾಡಲು ಏನು ಮಾಡುತ್ತಿದ್ದೇವೆ ಅಂತಲೂ ಜೊತೆಗೇ ಬರೆಯುತ್ತೇನೆ" ಅನ್ನಿ. ಒಪ್ಪಿಗೆ ಕೇಳಬೇಡಿ, ವಿಷಯ ತಿಳಿಸಿ. ಸಮಿತಿಯಿಂದ ಗೊತ್ತಾಗುವುದಕ್ಕಿಂತ ನಿಮ್ಮಿಂದ ಗೊತ್ತಾಗುವುದು ಅವರಿಗೂ ಮರ್ಯಾದೆ. ಆಮೇಲೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಇಮೇಲ್ ಮಾಡಿ, ವಾಟ್ಸ್ಆ್ಯಪ್ ಬೇಡ. ಆ ಸಮಿತಿಯಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರತಿನಿಧಿಯೂ ಇರುತ್ತಾರೆ. ಪಕ್ಕದೂರಿನ ಋಣ ಅಲ್ಲಿ ನಡೆಯುವುದಿಲ್ಲ, ಒಳ್ಳೆಯದೇ ಆಯಿತು.

ಅಪ್ಪನಿಗೆ ಆಟೋಕ್ಲೇವ್ ವಿವರಿಸಲು ಹೋಗಬೇಡಿ. ಮಂಗನ ಕಾಯಿಲೆ ನೆನಪಿಸಿ. ನಿಮ್ಮ ಕಡೆ, ಸಿದ್ದಾಪುರದ ಕಡೆ, ಕಾಡಿನಲ್ಲಿ ಮಂಗ ಸತ್ತುಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ತಿಳಿಸಿದವನನ್ನು ಯಾರಾದರೂ ಊರದ್ರೋಹಿ ಅಂತಾರಾ? ಅಂಥ ರೋಗಾಣುಗಳನ್ನು ಲ್ಯಾಬಿನೊಳಗೇ ಉಳಿಸುವುದು ನನ್ನ ಕೆಲಸ ಅಂದರೆ ಅಪ್ಪನಿಗೆ ಅರ್ಥವಾಗುತ್ತದೆ. ಮಗಳ ಆಫೀಸಿನ ವಿಷಯಕ್ಕೆ ಮನೆಗೆ ಫೋನ್ ಮಾಡಿದ್ದು ಸರಿಯಲ್ಲ ಅನ್ನುವುದನ್ನೂ ಅಪ್ಪನಿಗೆ ಮೆತ್ತಗೆ ಹೇಳಿ.

ಗುತ್ತಿಗೆ ಮುಂದುವರಿಯದೇ ಹೋಗಬಹುದು. ಆ ಭಯ ಸುಮ್ನೆ ಅಂತ ನಾನು ಹೇಳುವುದಿಲ್ಲ. ಟೆಸ್ಟ್ ವರದಿ, ಇಮೇಲ್ ಎರಡರ ಪ್ರತಿಯೂ ನಿಮ್ಮ ಬಳಿ ಇರಲಿ. ಬೇರೆ ಕಡೆ ಅರ್ಜಿ ಹಾಕುವುದನ್ನು ಈಗಲೇ ಶುರು ಮಾಡಿ, ಸರ್ ಮುನಿಸಿಕೊಳ್ಳಲಿ ಎಂದು ಕಾಯಬೇಡಿ.